ಸ್ಕಿಪ್ಪಿಂಗ್ ಮಾಡುವಾಗ ಮೂತ್ರ ಸೋರಿದರೆ ಆಟ ಬಿಡಬೇಕಾ?

ಬಿಡಬೇಡಿ. 24 ವರ್ಷ, ಹೆರಿಗೆ ಆಗಿಲ್ಲ, ಆದರೂ ಸ್ಕಿಪ್ಪಿಂಗ್ ಮಾಡುವಾಗ ಸೋರುತ್ತದೆ, ಕೆಗೆಲ್ ವ್ಯಾಯಾಮ (ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿದು ಬಿಡುವುದು) ಶುರು ಮಾಡಲಾ ಅಂತ ಕೇಳಿದ್ದೀರಿ. ಇದು ಹೆರಿಗೆ ಆದವರಿಗೆ ಮಾತ್ರ ಬರುವ ತೊಂದರೆಯಲ್ಲ. ಟ್ರ್ಯಾಂಪೊಲಿನ್ ಮೇಲೆ ಹಾರುವ ಹದಿಹರೆಯದ ಹುಡುಗಿಯರಲ್ಲೂ ತುಂಬಾ ಕಾಣುತ್ತದೆ. ಕೆಗೆಲ್‌ಗೆ ಮಾತ್ರ ಸ್ವಲ್ಪ ತಡೆಯಿರಿ.

ನಾನು ವಾಲಿಬಾಲ್ ಆಡುತ್ತಿದ್ದೆ. ಬ್ಲಾಕ್‌ಗೆ ಹಾರಿ ಇಳಿದಾಗಲೆಲ್ಲ ಒಂದೆರಡು ಹನಿ. ಯಾರಿಗೂ ಹೇಳಲಿಲ್ಲ. ವಾರ್ಮಪ್‌ಗೆ ಮುಂಚೆ ಮೂರು ಸಲ ಒಂದಕ್ಕೆ ಹೋಗುವುದು, ನೀರು ಕುಡಿಯದೆ ಇರುವುದು, ಕಪ್ಪು ಶಾರ್ಟ್ಸ್ ಹಾಕುವುದು, ಇದೇ ನನ್ನ ಚಿಕಿತ್ಸೆ! ಆಮೇಲೆ ಎಲ್ಲೋ ಓದಿ ಕೆಗೆಲ್ ಶುರು ಮಾಡಿದೆ. ಬಸ್ಸಲ್ಲಿ, ಊಟದಲ್ಲಿ, ಟಿವಿ ಮುಂದೆ, ಲೆಕ್ಕವೇ ಇಲ್ಲ. ಎರಡು ತಿಂಗಳಲ್ಲಿ ಸೋರುವುದು ಜಾಸ್ತಿಯಾಯಿತು, ಕಿಬ್ಬೊಟ್ಟೆ ನೋವೂ ಸೇರಿಕೊಂಡಿತು.

ಕೊನೆಗೆ ಈ ತೊಂದರೆಗಳನ್ನೇ ನೋಡುವ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಪರೀಕ್ಷೆ ಮಾಡಿ, ನಿಮ್ಮ ಪೆಲ್ವಿಕ್ ಫ್ಲೋರ್ ಸ್ನಾಯು ಸಡಿಲವಾಗಿಲ್ಲ, ಬಿಗಿದುಕೊಂಡಿದೆ ಅಂದರು. ಪೆಲ್ವಿಕ್ ಫ್ಲೋರ್ ಅಂದರೆ ಮುಂದಿನ ಮೂಳೆಯಿಂದ ಬೆನ್ನಿನ ಕೊನೆಯ ಮೂಳೆವರೆಗೆ ಜೋಲಿಯ ಹಾಗೆ ಹರಡಿದ ಸ್ನಾಯುಗಳು. ಮೂತ್ರಕೋಶ, ಗರ್ಭಕೋಶಕ್ಕೆಲ್ಲ ಅದೇ ಆಸರೆ. ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ನಮ್ಮ ತೂಕದ ಎರಡು ಮೂರು ಪಟ್ಟು ಹೊಡೆತ ಬರುತ್ತದೆ, ಹಾರಿ ಇಳಿದಾಗ ಇನ್ನೂ ಜಾಸ್ತಿ. ಆ ಕ್ಷಣಕ್ಕೆ ಜೋಲಿ ಬಿಗಿಯಬೇಕು, ಮರುಕ್ಷಣ ಸಡಿಲಬೇಕು. ನನ್ನದು ಮೊದಲೇ ಬಿಗಿದಿತ್ತು, ಇನ್ನು ಬಿಗಿಯೋಕೆ ಜಾಗವೇ ಇರಲಿಲ್ಲ. ಮುಷ್ಟಿ ಬಿಗಿದ ಕೈಯಲ್ಲಿ ಚೆಂಡು ಹಿಡಿಯೋಕಾಗುತ್ತಾ? ಹಾಗಾಗಿ ಮೊದಲು ಕೆಲವು ವಾರ ಬಿಡುವುದನ್ನೇ ಕಲಿತೆ. ಹೊಟ್ಟೆಗೆ ಉಸಿರು ತುಂಬಿಕೊಂಡು ಕೆಳಗೆ ಸಡಿಲ ಬಿಡುವುದು, ಅಷ್ಟೇ. ಕೇಳೋಕೆ ಸುಲಭ, ಮಾಡೋಕೆ ಅಲ್ಲ.

ಪರೀಕ್ಷೆಯಲ್ಲಿ ನಿಮ್ಮ ಸ್ನಾಯು ನಿಜಕ್ಕೂ ದುರ್ಬಲ ಅಂತ ಗೊತ್ತಾದರೆ ಕೆಗೆಲ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಗಾಳಿ ಮತ್ತು ಮೂತ್ರ ಎರಡನ್ನೂ ತಡೆಯುವ ಹಾಗೆ ಒಳಗೆ, ಮೇಲಕ್ಕೆ ಎಳೆದು ಹಿಡಿಯಿರಿ, ಆಮೇಲೆ ಪೂರ್ತಿ ಬಿಡಿ. 8 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಕೆಮ್ಮುವ ಮುಂಚೆ ಒಮ್ಮೆ ಎಳೆದುಕೊಳ್ಳುವ ಅಭ್ಯಾಸ ಮಾಡಿ. ಮೂತ್ರ ಮಾಡುವಾಗ ನಡುವೆ ನಿಲ್ಲಿಸುವುದನ್ನು ದಿನದ ವ್ಯಾಯಾಮ ಮಾಡಿಕೊಳ್ಳಬೇಡಿ.

ಮಲಬದ್ಧತೆ ಇದ್ದರೆ ಅದನ್ನೂ ಸರಿಮಾಡಿಕೊಳ್ಳಿ, ತಿಣುಕುವುದು ಈ ಸ್ನಾಯುಗಳಿಗೆ ಒಳ್ಳೆಯದಲ್ಲ. ಭಾರ ಎತ್ತುವಾಗ ಉಸಿರು ಹೊರಗೆ ಬಿಡಿ. ನೀರು ಕಡಿಮೆ ಮಾಡಬೇಡಿ, ಮೂತ್ರ ಗಾಢವಾದಷ್ಟೂ ಒಂದಕ್ಕೆ ಹೋಗುವ ಅವಸರ ಹೆಚ್ಚಾಗಬಹುದು. ಕೆಳಗೆ ಏನೋ ಜಾರಿದ ಹಾಗೆ ಭಾರ, ಉರಿ, ರಕ್ತ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಊಟ ಕಡಿಮೆ ಮಾಡಿ ಮುಟ್ಟು ನಿಂತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಸೋರುವುದು ಸರಿಹೋಗುವವರೆಗೆ ಕೋಚ್‌ಗೆ ಹೇಳಿ ಸ್ಕಿಪ್ಪಿಂಗ್ ಸ್ವಲ್ಪ ತಗ್ಗಿಸಿ, ಸೋರದಷ್ಟು ಮಾತ್ರ ಹಾರಿ. ಹೇಳೋಕೆ ಮುಜುಗರ ಅಲ್ವಾ? ನಾನು ‘ಸೊಂಟದ ತೊಂದರೆ’ ಅಂದಿದ್ದೆ. ಮತ್ತೆ, ಮುಟ್ಟಿನ ಪ್ಯಾಡ್ ಮೂತ್ರವನ್ನು ಸರಿಯಾಗಿ ಹೀರುವುದಿಲ್ಲ. ಮೂತ್ರಕ್ಕೇ ಮಾಡಿದ ಪ್ಯಾಡ್ ಬೇರೆ ಸಿಗುತ್ತದೆ, ಅದನ್ನೇ ತಗೊಳ್ಳಿ.