ಸಂಪಾದಕರ ಉತ್ತರ: ಅಟ್ಲಾಂಟಿಕ್‌ಗೂ ಮೊದಲು ಎರಡು ರಾತ್ರಿ

ಶಿರಸಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನನಗೆ 31 ವರ್ಷ, ಬೆಂಗಳೂರಲ್ಲಿ ಕೆಲಸ. ನವೆಂಬರ್ ಕೊನೆಗೆ ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಹೊರಡುವ 44 ಅಡಿಯ ಹಾಯಿದೋಣಿಯಲ್ಲಿ ಜಾಗ ಇದೆ, ಖರ್ಚು ಹಂಚಿಕೊಂಡು ಬನ್ನಿ ಎಂದು ಅದರ ಸ್ಕಿಪ್ಪರ್ ಕರೆದಿದ್ದಾರೆ. ಗೋವಾದಲ್ಲಿ ಐದು ದಿನ ಹಾಯಿ ಹಿಡಿಯಲು ಕಲಿತದ್ದು ಬಿಟ್ಟರೆ ನನಗೆ ಅನುಭವ ಇಲ್ಲ. ದೋಣಿಯಲ್ಲಿ ನಾನೊಬ್ಬಳೇ ಹೆಂಗಸು. ಆಯಿ ಬೇಡ ಅನ್ನುತ್ತಿದ್ದಾಳೆ. ಹೋಗಲಾ? ಅಂದಹಾಗೆ ನಾನು ಸಸ್ಯಾಹಾರಿ."

ಹೋಗಬಹುದು. ಆದರೆ ಈಗಲೇ ಹೂಂ ಅನ್ನಬೇಡಿ.

ದಾರಿಯ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಗ್ರಾನ್ ಕನಾರಿಯಾದ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ, ನಮ್ಮ ಲೆಕ್ಕದಲ್ಲಿ 5,000 ಕಿಲೋಮೀಟರ್. ಎಆರ್‌ಸಿ ಎಂಬ ಹಾಯಿದೋಣಿಗಳ ರ‍್ಯಾಲಿ 1986ರಿಂದ ಅಲ್ಲಿಂದ ಹೊರಡುತ್ತಿದೆ, 1990ರಿಂದ ಸೇಂಟ್ ಲೂಸಿಯಾದಲ್ಲಿ ಮುಗಿಯುತ್ತಿದೆ. ನವೆಂಬರ್ ಕೊನೆಗೇ ಯಾಕೆ ಅಂದರೆ, ಆ ಹೊತ್ತಿಗೆ ಚಂಡಮಾರುತದ ಕಾಲ ಮುಗಿಯುತ್ತಾ ಬಂದಿರುತ್ತದೆ, ಈಶಾನ್ಯದ ವಾಣಿಜ್ಯ ಮಾರುತ ಬೆನ್ನ ಹಿಂದಿನಿಂದ ತಳ್ಳಲು ಶುರು ಮಾಡಿರುತ್ತದೆ. ಮೊದಲು ಕೇಪ್ ವರ್ಡೆ ಕಡೆಗೆ ದಕ್ಷಿಣಕ್ಕೆ ಇಳಿಯುತ್ತಾರೆ, ಗಾಳಿ ಸಿಕ್ಕ ಮೇಲೆ ಪಶ್ಚಿಮಕ್ಕೆ ತಿರುಗುತ್ತಾರೆ. ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗು ಅಂತ ಹಳೆಯ ನಾವಿಕರ ಮಾತೇ ಇದೆ. ಆರು ನಾಟ್ ವೇಗ ಸಿಕ್ಕರೂ ಗಂಟೆಗೆ 11 ಕಿಲೋಮೀಟರ್ ಅಷ್ಟೇ. ಹತ್ತೊಂಬತ್ತು, ಇಪ್ಪತ್ತು ದಿನ ಬೇಕು.

ಆ ಇಪ್ಪತ್ತು ದಿನವೂ ನೀವು ಆ ಸ್ಕಿಪ್ಪರ್ ಜೊತೆ 44 ಅಡಿಯೊಳಗೆ ಇರುತ್ತೀರಿ. ನನ್ನ ಚಿಂತೆ ಇರುವುದು ಇಲ್ಲಿ.

ಬಹಳ ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ಗೋವಾದಿಂದ ಕೊಚ್ಚಿಗೆ ಒಂದು ಹಾಯಿದೋಣಿ ತಲುಪಿಸುವ ಕೆಲಸಕ್ಕೆ ನಾನೂ ಜೊತೆಗೆ ಹೋಗಿದ್ದೆ. ಮೊದಲ ದಿನ ಪೂರ್ತಿ ವಾಂತಿ. ಎರಡನೇ ರಾತ್ರಿ ನೇತ್ರಾಣಿ ದ್ವೀಪದ ಹೊರಗೆ, ದೂರದಲ್ಲಿ ಮೀನು ದೋಣಿಗಳ ದೀಪ ಸಾಲಾಗಿ ಕಾಣುತ್ತಿತ್ತು, ಚುಕ್ಕಾಣಿ ನನ್ನ ಕೈಲಿತ್ತು. ಗಾಳಿ ಹಿಂದಿನಿಂದ ಬರುವಾಗ ಹಾಯಿಯ ಕೆಳಗಿನ ಅಡ್ಡಕಂಬ, ಅಂದರೆ ಬೂಮ್, ಆ ಕಡೆಯಿಂದ ಈ ಕಡೆಗೆ ಬೀಸಿಬಿಡದ ಹಾಗೆ ಒಂದು ಹಗ್ಗ ಕಟ್ಟಿರುತ್ತಾರೆ. ಆ ಹಗ್ಗ ಒಂದು ಕಡೆ ಸವೆದು ನಾರು ಎದ್ದಿತ್ತು. ಸಂಜೆಯೇ ತೋರಿಸಿದ್ದೆ. ನಿನಗೇನು ಗೊತ್ತು, ಸುಮ್ನೆ ಕೂತ್ಕೋ ಅಂದರು ಸ್ಕಿಪ್ಪರ್. ರಾತ್ರಿ ಎರಡಕ್ಕೆ ಅದು ಹರಿಯಿತು. ಬೂಮ್ ನನ್ನ ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಬೀಸಿಹೋಯಿತು, ಇಡೀ ದೋಣಿ ನಡುಗಿತು. ಆಮೇಲೂ ಅವರು ಬೈದದ್ದು ನನ್ನನ್ನೇ. ಸಮುದ್ರ ಆ ರಾತ್ರಿ ಶಾಂತವಾಗಿಯೇ ಇತ್ತು.

ಹಾಗಾಗಿ ನಿಮ್ಮ ಸ್ಕಿಪ್ಪರನ್ನು ಪರೀಕ್ಷೆ ಮಾಡಿ, ಸಂಕೋಚ ಬೇಡ. ಹಿಂದೆ ಅವರ ಜೊತೆ ಹೋದ ಇಬ್ಬರ ನಂಬರ್ ಕೇಳಿ, ಅದರಲ್ಲಿ ಒಬ್ಬರು ಹೆಂಗಸಾಗಿರಲಿ, ಅವರಿಗೆ ಫೋನ್ ಮಾಡಿ. ಲೈಫ್ ರಾಫ್ಟ್ ಸರ್ವಿಸ್ ಯಾವಾಗ ಆಗಿದೆ, ಅಪಾಯದಲ್ಲಿ ಉಪಗ್ರಹಕ್ಕೆ ಸುದ್ದಿ ಕಳಿಸುವ ಇಪಿರ್ಬ್ ಎಂಬ ಸಾಧನ ನೋಂದಣಿ ಆಗಿದೆಯಾ, ಅದರ ಬ್ಯಾಟರಿ ತಾರೀಖು ಏನು, ವಿಡಿಯೋ ಕಾಲ್‌ನಲ್ಲಿ ತೋರಿಸಲು ಹೇಳಿ. ಕತ್ತಲಾದ ನಂತರ ಡೆಕ್ ಮೇಲೆ ಬಂದವರೆಲ್ಲ ಲೈಫ್ ಜಾಕೆಟ್ ಪಟ್ಟಿಯನ್ನು ದೋಣಿಗೆ ಸಿಕ್ಕಿಸಿಕೊಳ್ಳಲೇಬೇಕು ಎಂಬ ನಿಯಮ ಇದೆಯಾ ಕೇಳಿ. ಮುಖ್ಯವಾದದ್ದು ಇನ್ನೊಂದು: "ನೀವೇ ನೀರಿಗೆ ಬಿದ್ದರೆ ನಾನೇನು ಮಾಡಬೇಕು?" ಒಳ್ಳೆಯ ಸ್ಕಿಪ್ಪರ್‌ಗೆ ಈ ಪ್ರಶ್ನೆ ಖುಷಿ ಕೊಡುತ್ತದೆ. ಹೊರಡುವ ಮೊದಲೇ ಹಾಯಿ ಇಳಿಸುವುದು, ಎಂಜಿನ್ ಹಾಕುವುದು, ರೇಡಿಯೋದಲ್ಲಿ ಮಾತಾಡುವುದು ಎಲ್ಲ ಕಲಿಸುತ್ತಾರೆ. ಸಿಟ್ಟು ಮಾಡಿಕೊಂಡರೆ ಅಲ್ಲಿಗೆ ಬಿಟ್ಟುಬಿಡಿ.

ಇಷ್ಟಾದ ಮೇಲೂ, ಹತ್ತು ದಿನ ಮೊದಲೇ ಲಾಸ್ ಪಾಲ್ಮಾಸ್‌ಗೆ ಹೋಗಿ, ಅದೇ ದೋಣಿಯಲ್ಲಿ ಅದೇ ಜನರ ಜೊತೆ ಎರಡು ರಾತ್ರಿ ದ್ವೀಪಗಳ ನಡುವೆ ಸುತ್ತಿ ಬನ್ನಿ. ಅದಕ್ಕೆ ಒಪ್ಪದಿದ್ದರೆ ಹೋಗಬೇಡಿ. ಸುತ್ತಿ ಬಂದ ಮೇಲೆ ಯಾಕೋ ಸರಿ ಅನ್ನಿಸದಿದ್ದರೆ, ಕಾರಣ ಹೇಳಲು ಬರದಿದ್ದರೂ ಪರವಾಗಿಲ್ಲ, ಚೀಲ ಎತ್ತಿಕೊಂಡು ಇಳಿದುಬಿಡಿ. ಆ ತಿಂಗಳು ಅಲ್ಲಿನ ಕಟ್ಟೆ ಮೇಲೆ ಜನ ಬೇಕಾದ ದೋಣಿಗಳು ಬೇರೆಯೂ ಇರುತ್ತವೆ.

ಅನುಭವ ಕಮ್ಮಿ ಅನ್ನೋದು ದೊಡ್ಡ ಅಡ್ಡಿ ಅಲ್ಲ. ಅಲ್ಲಿ ನಿಮ್ಮಿಂದ ಬೇಕಾದದ್ದು ಎಚ್ಚರ. ಮೂವರಿದ್ದರೆ ಮೂರು ಗಂಟೆ ಪಾಳಿ, ಆರು ಗಂಟೆ ಬಿಡುವು, ಹಗಲೂ ರಾತ್ರಿ. ಹತ್ತು ನಿಮಿಷಕ್ಕೊಮ್ಮೆ ಎದ್ದು ಸುತ್ತಲೂ ಕಣ್ಣು ಹಾಯಿಸಬೇಕು, ಯಾಕೆಂದರೆ ಅಂಚಿನಲ್ಲಿ ಚುಕ್ಕಿಯಂತೆ ಕಂಡ ಹಡಗು ಇಪ್ಪತ್ತೇ ನಿಮಿಷದಲ್ಲಿ ಪಕ್ಕಕ್ಕೆ ಬಂದಿರಬಹುದು. ನಿದ್ದೆ ತುಂಡಾಗುತ್ತದೆ, ಸಣ್ಣದಕ್ಕೆಲ್ಲ ಸಿಟ್ಟು ಬರುತ್ತದೆ. ವಾಂತಿ ಸಾಮಾನ್ಯವಾಗಿ ಮೂರನೇ ದಿನಕ್ಕೆ ನಿಲ್ಲುತ್ತದೆ, ಅಲ್ಲಿಯವರೆಗೆ ಗುಟುಕು ಗುಟುಕಾಗಿ ನೀರು ಕುಡಿಯುತ್ತಲೇ ಇರಿ.

ಕ್ಯಾನರಿ ದ್ವೀಪಗಳು ಸ್ಪೇನಿನವು, ಷೆಂಗೆನ್ ವೀಸಾ ಬೇಕು, ಈಗಲೇ ಅರ್ಜಿ ಹಾಕಿ. ಸೇಂಟ್ ಲೂಸಿಯಾದ ನಿಯಮ ಅವರ ಕಚೇರಿಗೇ ಬರೆದು ಕೇಳಿ, ದೋಣಿಯಲ್ಲಿ ಬರುತ್ತಿದ್ದೇನೆ ಎಂದು ಸ್ಪಷ್ಟವಾಗಿ ಹೇಳಿ. ವಾಪಸ್ ವಿಮಾನದ ದುಡ್ಡು ಬೇರೆ ತೆಗೆದಿಡಿ, ಅದನ್ನು ಮುಟ್ಟಬೇಡಿ. ಊಟ, ಡೀಸೆಲ್, ಬಂದರಿನ ಬಾಡಿಗೆ ಹಂಚಿಕೊಳ್ಳುವುದು ಸರಿ. ಅದಕ್ಕಿಂತ ಬಹಳ ಜಾಸ್ತಿ ಕೇಳಿದರೆ ಅದು ವ್ಯಾಪಾರ, ಆಗ ದೋಣಿಗೆ ವ್ಯಾಪಾರದ ಪರವಾನಗಿ, ವಿಮೆ ಎರಡೂ ಇರಬೇಕು.

ಇನ್ನು ಆಯಿ. ಅವರಿಗೆ ಸುಳ್ಳು ಧೈರ್ಯ ಹೇಳಬೇಡಿ. 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಹಾಯಿದೋಣಿ ಸ್ಪರ್ಧೆಯಲ್ಲಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಬೆನ್ನಿಗೆ ಪೆಟ್ಟಾಗಿ ಮಲಗಿದಾಗ, ಫ್ರೆಂಚ್ ಹಡಗೊಂದು ಅವರನ್ನು ತಲುಪಲು ಮೂರು ದಿನ ಬೇಕಾಯಿತು. ಅಟ್ಲಾಂಟಿಕ್ ನಡುವೆಯೂ ಸಹಾಯ ಬೇಗ ಬರುವುದಿಲ್ಲ. ಇದನ್ನು ಹೇಳಿ. ಅದೇ ಅಭಿಲಾಷ್ 2022ರಲ್ಲಿ ಅದೇ ಸ್ಪರ್ಧೆಗೆ ಮತ್ತೆ ಹೊರಟು ಎರಡನೆಯವರಾಗಿ ಮುಗಿಸಿದರು ಎಂಬುದನ್ನೂ ಹೇಳಿ. ನೌಕಾಪಡೆಯ ದಿಲ್ನಾ ಮತ್ತು ರೂಪಾ, ಇಬ್ಬರೇ ಹೆಣ್ಣುಮಕ್ಕಳು, 2024ರ ಅಕ್ಟೋಬರಿನಲ್ಲಿ ಗೋವಾ ಬಿಟ್ಟು ಭೂಮಿ ಸುತ್ತಿ 2025ರ ಮೇ ತಿಂಗಳಲ್ಲಿ ಗೋವಾಕ್ಕೇ ಬಂದರು. ಅವರ ಹಿಂದೆ ವರ್ಷಗಟ್ಟಲೆ ತಯಾರಿ ಇತ್ತು, ಆಯಿ ಅದನ್ನು ಕೇಳಿಯೇ ಕೇಳುತ್ತಾರೆ. ಸ್ಕಿಪ್ಪರ್ ಜೊತೆ ಮಾತಾಡುವಾಗ ಆಯಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಭಾಷೆ ತಿಳಿಯದಿದ್ದರೂ ಮುಖ ನೋಡಿ ಮನುಷ್ಯನನ್ನು ಅಳೆಯುವುದರಲ್ಲಿ ಅವರು ನಿಮಗಿಂತ ಗಟ್ಟಿ ಇರಬಹುದು.

ಊಟಕ್ಕೆ ಯೋಚನೆ ಬೇಡ. ದೂರ ಹೋಗುವ ದೋಣಿಗಳಲ್ಲಿ ಪ್ರೆಶರ್ ಕುಕ್ಕರ್ ಇಟ್ಟುಕೊಳ್ಳುವವರು ಬಹಳ, ಎಷ್ಟು ತೊನೆದರೂ ಮುಚ್ಚಳ ಬಿಗಿಯಾಗಿರುತ್ತದೆ, ಬೇಳೆ ಚೆಲ್ಲುವುದಿಲ್ಲ. ಅವಲಕ್ಕಿ, ಚಟ್ನಿಪುಡಿ, ಒಣಶುಂಠಿ ಒಯ್ಯಿರಿ. ತುಪ್ಪ ಬೇಡ, ಹಾಲಿನ ಪದಾರ್ಥ ಯುರೋಪಿನೊಳಗೆ ಒಯ್ಯಲು ಬಿಡುವುದಿಲ್ಲ. ಅಪ್ಪೆಮಿಡಿ ಮಾತ್ರ ಎರಡು ಡಬ್ಬಿ ಇರಲಿ, ಪ್ಲಾಸ್ಟಿಕ್ಕಿನದು, ಮುಚ್ಚಳಕ್ಕೆ ಟೇಪ್ ಸುತ್ತಿ. ನಾಲ್ಕನೇ ದಿನ ಹೊಟ್ಟೆ ಸರಿಹೋಗಿ ಮೊದಲ ಸಲ ಹಸಿವಾದಾಗ, ಗಂಜಿಯ ಜೊತೆ ಬೇಕಾಗುವುದು ಅದೇ.