ಹೊಸ ಸಾಫ್ಟ್‌ವೇರ್ ಬಂದರೂ ಹಳೆಯ ಎಕ್ಸೆಲ್ ಶೀಟ್ ಯಾಕೆ ಹೋಗುವುದಿಲ್ಲ?

"ಆಫೀಸಿಗೆ ಹೊಸ ಸಾಫ್ಟ್‌ವೇರ್ ತಂದು ಆರು ತಿಂಗಳಾಯಿತು, ಯಾರೂ ಸರಿಯಾಗಿ ಬಳಸುತ್ತಿಲ್ಲ. ಮ್ಯಾನೇಜರ್ ಕೆಲಸ ಮಾಡಿಸುವ ರೀತಿಗೂ ಇದಕ್ಕೂ ಸಂಬಂಧ ಇದೆಯಾ?" ಎಂದು ಕೇಳಿದ್ದೀರಿ. ಇದೆ. ಬಹಳ ಇದೆ.

ನಾನು ಹಿಂದೆ ಇದ್ದ ಕಂಪನಿಯಲ್ಲಿ ಸ್ಟಾಕ್ ಲೆಕ್ಕಕ್ಕೆ ಹೊಸ ಸಿಸ್ಟಮ್ ಬಂತು. "ಒಂದನೇ ತಾರೀಖಿನಿಂದ ಎಲ್ಲವೂ ಇದರಲ್ಲೇ" ಎಂದು ಬಾಸ್ ಮೇಲ್ ಹಾಕಿದರು. ಆದರೆ ಶುಕ್ರವಾರ ಬಂತೆಂದರೆ ಅವರೇ ಹಳೆಯ ಎಕ್ಸೆಲ್ ಶೀಟ್ ಕೇಳುತ್ತಿದ್ದರು. ನಾವು ಶೀಟ್ ತುಂಬಿ, ಸಂಜೆ ಅದನ್ನೇ ಸಿಸ್ಟಮ್‌ಗೆ ಏರಿಸುತ್ತಿದ್ದೆವು. ಒಂದು ಕೆಲಸ ಎರಡಾಯಿತು ಅಷ್ಟೇ. ಒಮ್ಮೆ ಒಬ್ಬರ ಎಂಟ್ರಿ ತಪ್ಪಿದ್ದಕ್ಕೆ ಮೀಟಿಂಗ್‌ನಲ್ಲಿ ಎಲ್ಲರೆದುರು ಬೈದರು. ಆಮೇಲೆ ಹೊಸದನ್ನು ಒತ್ತಿ ನೋಡುವ ಧೈರ್ಯ ಯಾರಿಗಿರುತ್ತೆ? ಲಾಗಿನ್ ಲೆಕ್ಕ ಮಾತ್ರ ನೂರಕ್ಕೆ ನೂರು!

ಜನ ತಂತ್ರಜ್ಞಾನವನ್ನು ಒಪ್ಪಬೇಕಾದರೆ ಅದರಿಂದ ಉಪಯೋಗ ಇದೆ ಅನ್ನಿಸಬೇಕು, ಬಳಸಲು ಸುಲಭ ಅನ್ನಿಸಬೇಕು ಎಂದು ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಬರೆದರು. ಆಫೀಸಿನಲ್ಲಿ "ಉಪಯೋಗ" ಅಂದರೆ ಬಾಸ್ ಯಾವ ರಿಪೋರ್ಟ್ ತೆರೆದು ನೋಡುತ್ತಾರೋ ಅದು, ಅಲ್ವಾ?

ಇದಕ್ಕಿಂತ ಹಳೆಯ ಪ್ರಯೋಗವೊಂದು ನನಗೆ ತುಂಬಾ ಇಷ್ಟ. ಅಮೆರಿಕದ ಹಾರ್ವುಡ್ ಪೈಜಾಮ ಕಾರ್ಖಾನೆಯಲ್ಲಿ ಕೋಕ್ ಮತ್ತು ಫ್ರೆಂಚ್ ಎಂಬ ಇಬ್ಬರು ಸಂಶೋಧಕರು ಮಾಡಿದ್ದು, ಪ್ರಕಟವಾಗಿದ್ದು 1948ರಲ್ಲಿ. ಕೆಲಸದ ವಿಧಾನ ಬದಲಾದಾಗ ಒಂದು ಗುಂಪಿಗೆ ಸುಮ್ನೆ ವಿಷಯ ತಿಳಿಸಿದರು. ಅವರ ಉತ್ಪಾದನೆ ಕುಸಿಯಿತು, ಮೊದಲ 40 ದಿನಗಳಲ್ಲೇ ನೂರಕ್ಕೆ 17 ಜನ ಕೆಲಸ ಬಿಟ್ಟರು. ಬದಲಾವಣೆಯನ್ನು ಕೂತು ಚರ್ಚಿಸಿದ ಗುಂಪುಗಳು ಬೇಗ ಚೇತರಿಸಿಕೊಂಡವು. ಸ್ವಾರಸ್ಯ ಏನೆಂದರೆ, ಮೊದಲ ಗುಂಪಿನಲ್ಲಿ ಉಳಿದವರನ್ನೇ ಕೆಲವು ತಿಂಗಳ ನಂತರ ಚರ್ಚೆಗೆ ಸೇರಿಸಿಕೊಂಡು ಇನ್ನೊಂದು ಕೆಲಸಕ್ಕೆ ಬದಲಿಸಿದಾಗ ಅವರೂ ಚೇತರಿಸಿಕೊಂಡರು. ಜನ ಅವರೇ, ಬದಲಾದದ್ದು ನಡೆಸಿಕೊಂಡ ರೀತಿ.

ಹಾಗಂತ ಎಲ್ಲವನ್ನೂ ಓಟಿಗೆ ಹಾಕಿ ಎನ್ನುತ್ತಿಲ್ಲ. ಪಾಸ್‌ವರ್ಡ್ ಭದ್ರತೆಯಂಥದ್ದಕ್ಕೆ ಆದೇಶವೇ ಸರಿ. "ನಿಮಗೆ ಬೇಕಾದ್ದು ಬಳಸಿ" ಎಂದು ಕೈಬಿಡುವ ಮ್ಯಾನೇಜರ್ ಇನ್ನೂ ಕಷ್ಟ. ನಾಲ್ಕು ಜನ ನಾಲ್ಕು ಆ್ಯಪ್ ಹಿಡಿದು ಕೂರುತ್ತಾರೆ, ಲೆಕ್ಕ ಕೂಡುವುದೇ ಇಲ್ಲ.

ನಮ್ಮಲ್ಲಿ ಕೊನೆಗೆ ಮ್ಯಾನೇಜರ್ ಬದಲಾದರು. ಹೊಸಬರು ಮೊದಲ ವಾರ ನಮ್ಮ ಪಕ್ಕ ಕೂತು ತಾವೇ ಎಂಟ್ರಿ ಮಾಡಿದರು. ಎರಡು ಕಡೆ ಸಿಕ್ಕಿಹಾಕಿಕೊಂಡು, ಅದನ್ನು ಸರಿ ಮಾಡಿಸಿದರು. ಆಮೇಲೆ "ಶುಕ್ರವಾರ ಶೀಟ್ ಕಳಿಸಬೇಡಿ, ಸ್ಕ್ರೀನ್ ತೋರಿಸಿ" ಎಂದರು. ತಿಂಗಳೊಳಗೆ ಶೀಟ್ ತಾನಾಗೇ ನಿಂತಿತು. ನಾನು ಮಾತ್ರ ಅದರ ಕಾಪಿಯೊಂದನ್ನು ಇನ್ನೂ ಸ್ವಲ್ಪ ದಿನ ಕದ್ದು ಇಟ್ಟುಕೊಂಡಿದ್ದೆ.