ಕಾಯಿ ಕತ್ತರಿಸಲು ಪಿಕ್ಸೆಲ್ ಎಣಿಸಬೇಡಿ

ಪ್ರಶ್ನೆ: ಪೈಥಾನ್‌ನಲ್ಲಿ ಕಿಟಕಿ, ಗುಂಡಿ, ಚಿತ್ರ ತೋರಿಸುವ ಟಿಕಿಂಟರ್‌ನಲ್ಲಿ ಚದುರಂಗದ ಆಟ ಬರೆಯುತ್ತಿದ್ದೇನೆ. ಹನ್ನೆರಡು ಕಾಯಿಗಳೂ ಒಂದೇ ಪಿಎನ್‌ಜಿ ಚಿತ್ರದಲ್ಲಿವೆ. ಪ್ರತಿ ಪಿಕ್ಸೆಲನ್ನು ಗೆಟ್‌ನಿಂದ ಓದಿ, ಪುಟ್‌ನಿಂದ ಬರೆದು ಬೇರ್ಪಡಿಸುತ್ತಿದ್ದೇನೆ. ಬಹಳ ನಿಧಾನ. ಕಾಯಿಯ ಸುತ್ತ ಕಪ್ಪು ಚೌಕವೂ ಬರುತ್ತಿದೆ.

ಉತ್ತರ: ಈ ಉಪಾಯ ಕಲಿಸುತ್ತಿರುವವರ ಮೇಲೆ ನನಗೆ ಸಿಟ್ಟಿದೆ. ಕಾಯಿಯೊಂದಕ್ಕೆ 64×64 ಎಂದಿಟ್ಟುಕೊಂಡರೆ 4,096 ಪಿಕ್ಸೆಲ್. ಹನ್ನೆರಡನ್ನೂ ಓದಿ ಬರೆಯುವಷ್ಟರಲ್ಲಿ, ಟಿಕಿಂಟರ್‌ನ ಹಿಂದೆ ಕೆಲಸ ಮಾಡುವ ಟಿಕೆಗೆ 98,304 ಕರೆಗಳು! ಮೇಲಾಗಿ ಗೆಟ್ ಕೊಡುವುದು ಕೆಂಪು, ಹಸಿರು, ನೀಲಿಯನ್ನಷ್ಟೇ. ಪಾರದರ್ಶಕತೆ ಅಲ್ಲೇ ಕಳೆದುಹೋಗುತ್ತದೆ, ಕಪ್ಪು ಚೌಕ ಬರುವುದು ಅದರಿಂದಲೇ.

ತುಂಡು ನಕಲಿಸುವುದು ಟಿಕೆಗೆ ಮೊದಲಿನಿಂದಲೂ ಗೊತ್ತಿತ್ತು. ಪೈಥಾನ್ ಕಡೆ ಚಿತ್ರ ಹಿಡಿದಿಡುವ ಫೋಟೋಇಮೇಜ್‌ನ ಕಾಪಿ ಮಾತ್ರ ಇಡೀ ಚಿತ್ರವನ್ನೇ ನಕಲಿಸುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13ರಲ್ಲಿ ಅದಕ್ಕೆ ಫ್ರಮ್_ಕೋಆರ್ಡ್ಸ್ (ಯಾವ ತುಂಡು ಎಂದು ಹೇಳಲು), ಝೂಮ್ (ಹಿಗ್ಗಿಸಲು), ಸಬ್‌ಸ್ಯಾಂಪಲ್ (ಕುಗ್ಗಿಸಲು) ಸೇರಿದವು. ಮೇಲಿನ ಸಾಲಿನ ಮೂರನೆಯ ಕಾಯಿ ಬೇಕೆಂದರೆ ಫ್ರಮ್_ಕೋಆರ್ಡ್ಸ್‌ಗೆ ಎಡ, ಮೇಲೆ, ಬಲ, ಕೆಳ ಎಂಬ ಕ್ರಮದಲ್ಲಿ (128, 0, 192, 64) ಕೊಡಿ. ಬಲ ಮತ್ತು ಕೆಳ ಅಂಚು ಲೆಕ್ಕಕ್ಕೆ ಸೇರುವುದಿಲ್ಲ. 191, 63 ಎಂದು ಬರೆದು ಒಂದು ಸಾಲು ಕಳೆದುಕೊಳ್ಳಬೇಡಿ.

ಅದೇ ಆವೃತ್ತಿಯ ಕಾಪಿ_ರಿಪ್ಲೇಸ್ ಈಗಾಗಲೇ ಇರುವ ಚಿತ್ರದ ಮೇಲೆ ಬರೆಯುತ್ತದೆ, ಹೊಸದನ್ನು ಹಿಂದಿರುಗಿಸುವುದಿಲ್ಲ. ಇಲ್ಲಿ ಎಚ್ಚರ ಬೇಕು. ಪದಾತಿ ಕೊನೆಯ ಮನೆ ಮುಟ್ಟಿ ರಾಣಿಯಾಯಿತು ಎನ್ನಿ. ಪದಾತಿಯ ಚಿತ್ರದ ಮೇಲೆಯೇ ರಾಣಿಯನ್ನು ನಕಲಿಸಿದರೆ, ರಾಣಿಯ ಪಾರದರ್ಶಕ ಭಾಗಗಳಲ್ಲಿ ಹಳೆಯ ಪದಾತಿ ಇಣುಕುತ್ತದೆ. ಹಳೆಯದರ ಮೇಲೆ ಹೊಸದು ಹೇಗೆ ಕೂರಬೇಕೆಂದು ಹೇಳುವ ಕಾಂಪೊಸಿಟಿಂಗ್‌ರೂಲ್ ತಾನಾಗಿ 'ಓವರ್‌ಲೇ' ಆಗಿರುತ್ತದೆ. 'ಸೆಟ್' ಎಂದು ಕೊಟ್ಟರೆ ಹಳೆಯದು ಪೂರ್ತಿ ಅಳಿಯುತ್ತದೆ. ಆದರೆ ಇಡೀ ಹಲಗೆ ಒಂದೇ ಚಿತ್ರವಾಗಿದ್ದರೆ 'ಸೆಟ್' ಮನೆಯ ಬಣ್ಣವನ್ನೂ ಅಳಿಸುತ್ತದೆ. ಆಗ ಮೊದಲು ಖಾಲಿ ಮನೆಯನ್ನು ನಕಲಿಸಿ, ಅದರ ಮೇಲೆ ರಾಣಿಯನ್ನು ಕೂರಿಸಿ. ನಾನಂತೂ ಎಲ್ಲೆಡೆ ಕಾಂಪೊಸಿಟಿಂಗ್‌ರೂಲ್ ಯಾವುದೆಂದು ಬಾಯಿಬಿಟ್ಟು ಬರೆದೇ ಮುಂದುವರಿಯುತ್ತೇನೆ.

ಪ್ರಶ್ನೆ: ಚಿತ್ರವನ್ನು ಒಂದೂವರೆ ಪಟ್ಟು ಹಿಗ್ಗಿಸಬಹುದೇ?

ಉತ್ತರ: ಝೂಮ್ 3, ಸಬ್‌ಸ್ಯಾಂಪಲ್ 2 ಕೊಡಿ: ಮೂರು ಪಟ್ಟು ಹಿಗ್ಗಿ ಅರ್ಧಕ್ಕೆ ಕುಗ್ಗುತ್ತದೆ. ಅಂಚು ಒರಟಾಗುತ್ತದೆ, ನಯವಾಗಬೇಕಾದರೆ ಪೈಥಾನ್‌ನ ಚಿತ್ರ ಲೈಬ್ರರಿ ಪಿಲ್ಲೋ ಬಳಸಿ.

ಪ್ರಶ್ನೆ: ಜೆಪೆಗ್ ಕಡತದ ಹೆಸರಿನ ಕೊನೆಯನ್ನು ಪಿಎನ್‌ಜಿ ಎಂದು ಬದಲಿಸಿದರೆ ಟಿಕಿಂಟರ್ ತೆರೆಯುತ್ತದೆಯಂತೆ?

ಉತ್ತರ: ಶುದ್ಧ ಸುಳ್ಳು. ಹೆಸರು ಬದಲಾದರೆ ಒಳಗಿನ ದತ್ತಾಂಶ ಬದಲಾಗುವುದಿಲ್ಲ.

ಪ್ರಶ್ನೆ: ಫಂಕ್ಷನ್ ಮುಗಿದೊಡನೆ ಚಿತ್ರ ಮಾಯವಾಗುತ್ತದೆ.

ಉತ್ತರ: ಚಿತ್ರವನ್ನು ಹಿಡಿದಿದ್ದ ಹೆಸರು ಫಂಕ್ಷನ್ ಜೊತೆಗೇ ಹೋಗುತ್ತದೆ; ಚಿತ್ರವನ್ನು ಸೆಲ್ಫ್‌ಗೆ, ಅಂದರೆ ಫಂಕ್ಷನ್ ಮುಗಿದರೂ ಉಳಿಯುವ ನಿಮ್ಮ ಕ್ಲಾಸ್‌ನ ವಸ್ತುವಿಗೆ, ಕಟ್ಟಿಡಿ. ಇದಕ್ಕೆ ಹಲವು ಬಾರಿ ಉತ್ತರಿಸಿದ್ದೇನೆ.